ಕಣ್ಣು ಕಂಡದ್ದೊಂದು, ಮನಸ್ಸು ಅಂದದ್ದೊಂದು



"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ಚಾಡಿಮಾತು, ಓಣಿಯ ಸುದ್ದಿ ಕಿವಿಗೆ ಬಿದ್ದಾಗ ನಾವು ಅದನ್ನು ನೆನೆಸಿಕೊಳ್ಳುತ್ತೇವೆ. ಆದರೆ ಗಾದೆಯ ಮಾತನ್ನು ಅಕ್ಷರಶಃ ಪರೀಕ್ಷಿಸಿ ನೋಡುವ ಜಾಗಗಳೂ ಈಗ ಬಂದಿವೆ. ದೃಷ್ಟಿಭ್ರಮೆಯ ಮ್ಯೂಸಿಯಂ ಎನ್ನುತ್ತಾರೆ. ಒಳಗೆ ಹೋದರೆ ಸಪಾಟ ನೆಲ ಹೊಂಡದಂತೆ ಕಾಣುತ್ತದೆ, ಗಿಡ್ಡವರು ಎತ್ತರವಾಗುತ್ತಾರೆ, ನಿಂತ ಗೆರೆಗಳು ತಿರುಗುತ್ತವೆ, ಗೋಡೆಯ ಮೇಲಿನ ಮುಖ ನಾವು ಹೋದ ಕಡೆಗೆಲ್ಲ ತಿರುಗಿ ನೋಡುತ್ತದೆ.

ರಜೆ ಬಂತೆಂದರೆ ಮಕ್ಕಳ ಬೇಡಿಕೆ ಈಗ ಇದೇ. ಮೊಬೈಲಿನಲ್ಲಿ ಯಾರದೋ ಫೋಟೋ ನೋಡಿರುತ್ತಾರೆ, "ನಾವೂ ಹೋಗೋಣು ಅವ್ವಾ" ಎಂದು ಸೆರಗು ಹಿಡಿಯುತ್ತಾರೆ. ಕ್ರೊಯೇಷಿಯಾ ದೇಶದ ಝಾಗ್ರೆಬ್ ನಗರದಲ್ಲಿ 2015ರಲ್ಲಿ ಇಂಥದೊಂದು ಮ್ಯೂಸಿಯಂ ಪ್ರಾರಂಭವಾಗಿ, ಅದರ ಶಾಖೆಗಳು ಅನೇಕ ದೇಶಗಳಿಗೆ ಹಬ್ಬಿದವು. ನಮ್ಮ ಚೆನ್ನೈಯಲ್ಲಿ 2016ರಲ್ಲಿ, ಗೋಡೆಯ ಚಿತ್ರದೊಳಗೆ ನಾವೇ ಹೊಕ್ಕು ನಿಂತಂತೆ ಫೋಟೋ ತೆಗೆಸಿಕೊಳ್ಳುವ ಸಂಗ್ರಹಾಲಯ ತೆರೆಯಿತು. ದೊಡ್ಡ ಊರಿಗೆ ಹೋದ ನೆಂಟರು ಇವನ್ನೆಲ್ಲ ನೋಡಿ ಬಂದು ಬಣ್ಣಿಸುವಾಗ ಸಣ್ಣ ಊರಿನ ನಮಗೆ, "ಇದೆಲ್ಲ ನಮಗೆಲ್ಲಿ ಒದಗಬೇಕು" ಅನ್ನಿಸುವುದು ಸಹಜ.

ಒದಗುತ್ತದೆ, ಅದೂ ಹತ್ತಿರದಲ್ಲಿಯೇ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ಕಡೆಗೆ ಹೋದಾಗ ನೀವು ಬಾಗಿಲ ಹೊರಗೆ ಚೀಲ, ಚಪ್ಪಲಿ, ನೀರಿನ ಬಾಟಲಿ ಕಾಯುತ್ತ ಕೂಡಕೂಡದು. "ನಂಗೇನ ತಿಳೀತದ, ನೀವು ಹೋಗಿ ಬರ್ರಿ" ಎನ್ನಕೂಡದು. ಯಾಕೆ ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಮುಂದೆ ಹೇಳುತ್ತೇನೆ.

ಹತ್ತಿರದಲ್ಲೇ ಇದೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ರಾಷ್ಟ್ರೀಯ ವಿಜ್ಞಾನ ಸಂಗ್ರಹಾಲಯಗಳ ಮಂಡಳಿ ಕಟ್ಟಿದ ಈ ಕೇಂದ್ರ 2012ರಲ್ಲಿ ತೆರೆಯಿತು. ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಇಳಿದರೆ ಅಲ್ಲಿಂದ ಆಟೋ ಸಿಗುತ್ತದೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು "ಮುಟ್ಟಬೇಡಿ" ಎಂದು ಬರೆಯುವ ಪದ್ಧತಿಯಿಲ್ಲ. ಕೈಯಿಂದ ತಿರುಗಿಸಿ, ಒತ್ತಿ, ಇಣುಕಿ ನೋಡುವ ಮಾದರಿಗಳಿವೆ. ಕನ್ನಡಿಯ ಆಟ, ಬೆಳಕಿನ ಆಟ, ನೋಟದ ಆಟ ಎಲ್ಲವೂ ಉಂಟು. ಹೊರಗೆ ಮಕ್ಕಳು ಓಡಾಡಲು ವಿಜ್ಞಾನದ ಉದ್ಯಾನವೂ ಇದೆ.

ಬೆಂಗಳೂರಿಗೆ ಹೋದವರು ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. 1962ರಲ್ಲಿ ನೆಹರೂ ಅವರು ಉದ್ಘಾಟಿಸಿದ್ದು. ಅಲ್ಲಿಯ ಮೋಜಿನ ವಿಜ್ಞಾನದ ವಿಭಾಗದಲ್ಲಿ ಮಕ್ಕಳ ಗದ್ದಲ ತಪ್ಪುವುದಿಲ್ಲ. ಕಲಬುರಗಿ ಕಡೆಯವರಿಗೆ 1984ರಿಂದಲೂ ಅಲ್ಲಿಯ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಖಾಸಗಿ ಮ್ಯೂಸಿಯಂಗಳಲ್ಲಿ ಥಳಕು ಹೆಚ್ಚು, ಟಿಕೀಟೂ ಹೆಚ್ಚು. ನೋಟದ ಗುಟ್ಟು ಮಾತ್ರ ಎರಡೂ ಕಡೆ ಒಂದೇ.

ಕಣ್ಣಿನ ತಪ್ಪಲ್ಲ, ಮನಸ್ಸಿನ ರೂಢಿ

ಆ ಗುಟ್ಟು ತಿಳಿಯಬೇಕಾದರೆ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಬನ್ನಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮು 1,507 ಮೀಟರ್ ಉದ್ದ. ಜಗತ್ತಿನಲ್ಲೇ ಉದ್ದವಾದದ್ದು ಎಂಬ ಹೆಸರು ಪಡೆದಿದೆ. ಒಂದು ತುದಿಯಲ್ಲಿ ನಿಂತು ಹಳಿಗಳನ್ನು ನೋಡಿರಿ. ಹೋಗಹೋಗುತ್ತ ಎರಡೂ ಹಳಿ ಹತ್ತಿರವಾಗಿ ಕಡೆಗೆ ಕೂಡಿಕೊಂಡಂತೆ ಕಾಣುತ್ತವೆ. ನಿಜವಾಗಿ ಅವುಗಳ ನಡುವಿನ ಅಂತರ ಇಲ್ಲಿಯೂ ಐದೂವರೆ ಅಡಿ, ಅಲ್ಲಿಯೂ ಐದೂವರೆ ಅಡಿ. ದೂರ ಹೋದದ್ದು ಸಣ್ಣದಾಗಿ ಕಾಣುತ್ತದೆ ಎಂಬುದನ್ನು ನಮ್ಮ ಮನಸ್ಸು ಎಳವೆಯಿಂದಲೇ ಕಲಿತುಬಿಟ್ಟಿದೆ. ಆದ್ದರಿಂದ ದೂರದ ಕಂಬ ಬೆರಳಷ್ಟೇ ಕಂಡರೂ "ಕಂಬ ಸಣ್ಣದಿದೆ" ಎನ್ನದೆ "ಕಂಬ ದೂರ ಇದೆ" ಎಂದು ತಾನೇ ಲೆಕ್ಕ ಹಾಕುತ್ತದೆ.

ಈ ಲೆಕ್ಕ ದಿನಕ್ಕೆ ಸಾವಿರ ಸಲ ಸರಿಯಾಗುತ್ತದೆ. ಅದಿಲ್ಲದಿದ್ದರೆ ನಾವು ಒಲೆಯ ಮೇಲಿನ ಪಾತ್ರೆ ಹಿಡಿಯಲಾರೆವು, ರಸ್ತೆ ದಾಟಲಾರೆವು. ಭ್ರಮೆಯ ಚಿತ್ರ ಬರೆಯುವವರು ಈ ಲೆಕ್ಕವನ್ನೇ ಹಿಡಿದುಕೊಳ್ಳುತ್ತಾರೆ. ಕೂಡಿಕೊಳ್ಳುವ ಎರಡು ಗೆರೆ ಬರೆದು ಅವುಗಳ ನಡುವೆ ಸರಿಸಮನಾದ ಎರಡು ಪಟ್ಟಿ ಇಡುತ್ತಾರೆ. ಮೇಲಿನದು ದೂರ ಇದೆಯೆಂದು ಮನಸ್ಸು ಎಣಿಸಿ, ಅದನ್ನು ದೊಡ್ಡದು ಮಾಡಿ ತೋರಿಸುತ್ತದೆ. ಅಳತೆಪಟ್ಟಿ ಹಿಡಿದರೆ ಎರಡೂ ಸಮ!

ಸಂಕಷ್ಟಿಯ ದಿನ ಚಂದ್ರೋದಯಕ್ಕಾಗಿ ಮಾಳಿಗೆ ಮೇಲೆ ಕಾದವರು ಇದನ್ನು ಬಲ್ಲರು. ಮನೆಗಳ ಸಾಲಿನ ಹಿಂದಿನಿಂದ ಏಳುವಾಗ ಚಂದ್ರ ಎಷ್ಟು ದೊಡ್ಡವನು! ಊಟ ಮುಗಿಸಿ ಅಂಗಳಕ್ಕೆ ಬಂದರೆ ನೆತ್ತಿಯ ಕಡೆ ಏರಿದ ಅವನೇ ಸಣ್ಣವನು. ಎರಡೂ ಹೊತ್ತಿನಲ್ಲಿ ಕೈ ನೀಳವಾಗಿ ಚಾಚಿ ಕಿರುಬೆರಳ ಉಗುರನ್ನು ಅಡ್ಡ ಹಿಡಿಯಿರಿ. ಎರಡೂ ಸಲ ಚಂದ್ರ ಉಗುರಿನ ಹಿಂದೆ ಅಡಗುತ್ತಾನೆ. ಬೆಳೆದದ್ದೂ ಇಲ್ಲ, ಸೊರಗಿದ್ದೂ ಇಲ್ಲ.

ಇನ್ನೊಂದು ಮುಖ್ಯ ಸಂಗತಿ. ಗುಟ್ಟು ತಿಳಿದ ಮೇಲೂ ಭ್ರಮೆ ಹೋಗುವುದಿಲ್ಲ. ಅಳೆದು ನೋಡಿದ ಮೇಲೂ ಮೇಲಿನ ಪಟ್ಟಿ ದೊಡ್ಡದಾಗಿಯೇ ಕಾಣುತ್ತದೆ. ಆದ್ದರಿಂದ ಇಲ್ಲಿ ಮೋಸಹೋಗುವುದು ದಡ್ಡತನವಲ್ಲ. ಡಾಕ್ಟರರೂ ಮೋಸಹೋಗುತ್ತಾರೆ, ಮಾಸ್ತರರೂ ಮೋಸಹೋಗುತ್ತಾರೆ. ಕೆಲವು ಚಿತ್ರಗಳಲ್ಲಂತೂ ದೊಡ್ಡವರಿಗಿಂತ ಚಿಕ್ಕ ಮಕ್ಕಳೇ ಕಡಿಮೆ ಮೋಸಹೋಗುತ್ತಾರೆಂದು ಪರೀಕ್ಷಿಸಿದವರು ಹೇಳುತ್ತಾರೆ. ಒಂದು ಲಾಡುವಿನ ಸುತ್ತ ದೊಡ್ಡ ಲಾಡುಗಳನ್ನಿಟ್ಟರೆ ನಡುವಿನದು ನಮಗೆ ಸಣ್ಣದಾಗಿ ಕಾಣುತ್ತದಲ್ಲ, ಐದಾರು ವರ್ಷದ ಕೂಸು ಅದನ್ನು ಹೆಚ್ಚು ಸರಿಯಾಗಿ ಗುರುತಿಸೀತು.

ಅತ್ತೆ-ಸೊಸೆ ನಿಲ್ಲುವ ಕೋಣೆ

ಇಂಥ ಮ್ಯೂಸಿಯಂಗಳಲ್ಲಿ ಜನ ಮುಗಿಬೀಳುವ ಕೋಣೆಯೊಂದಿದೆ. ಅಮೆರಿಕದ ಅಡೆಲ್ಬರ್ಟ್ ಏಮ್ಸ್ ಎಂಬವರು ಕಳೆದ ಶತಮಾನದ ಮೊದಲರ್ಧದಲ್ಲಿ ಇದನ್ನು ರೂಪಿಸಿದರು. ಒಂದು ಕಿಂಡಿಯಿಂದ ನೋಡಿದರೆ ಸಾದಾ ಚೌಕಾಕಾರದ ಕೋಣೆ. ಆದರೆ ಎಡಮೂಲೆಯಲ್ಲಿ ನಿಂತ ಅತ್ತೆಯವರು ಗೇಣುದ್ದ, ಬಲಮೂಲೆಯಲ್ಲಿ ನಿಂತ ಸೊಸೆ ಜಂತಿ ಮುಟ್ಟುವಷ್ಟು ಎತ್ತರ. ಮೂಲೆ ಬದಲಿಸಿದರೆ ಸೊಸೆ ಕುಗ್ಗಿದಳು, ಅತ್ತೆ ಬೆಳೆದರು! ಫೋಟೋ ನೋಡಿ ಮನೆಮಂದಿಯೆಲ್ಲ ನಗುತ್ತಾರೆ.

ಕೋಣೆ ನಿಜವಾಗಿ ಚೌಕವಲ್ಲ. ಒಂದು ಮೂಲೆ ಇನ್ನೊಂದಕ್ಕಿಂತ ಬಹಳ ದೂರದಲ್ಲಿದೆ. ನೆಲ, ಮಾಳಿಗೆ, ಕಿಟಕಿ ಎಲ್ಲವನ್ನೂ ಓರೆಯಾಗಿ ಕಟ್ಟಿ, ಆ ಒಂದು ಕಿಂಡಿಯಿಂದ ಮಾತ್ರ ಚೌಕವಾಗಿ ಕಾಣುವಂತೆ ಮಾಡಿರುತ್ತಾರೆ. "ಕೋಣೆ ಎಂದರೆ ಚೌಕ" ಎಂಬ ರೂಢಿಯನ್ನು ಮನಸ್ಸು ಬಿಡಲೊಲ್ಲದು. ಕೋಣೆಯನ್ನು ಅನುಮಾನಿಸುವ ಬದಲು ಕಣ್ಣೆದುರಿನ ಮನುಷ್ಯರನ್ನೇ ಕುಗ್ಗಿಸಿ ಹಿಗ್ಗಿಸಿ ತೋರಿಸುತ್ತದೆ. ನಮ್ಮ ಮನೆಗಳಲ್ಲಿಯೂ ಒಬ್ಬರು ದೊಡ್ಡವರಾಗಿ, ಒಬ್ಬರು ಸಣ್ಣವರಾಗಿ ಕಾಣುವುದು ಅವರವರು ನಿಂತ ಮೂಲೆಯಿಂದ ಅಲ್ಲವೇ ಎಂದು ನೀವು ನಕ್ಕರೆ ನಾನು ಬೇಡ ಎನ್ನುವುದಿಲ್ಲ.

ನೆಲದ ಮೇಲೆ ಬರೆದ ಹೊಂಡ, ಗೋಡೆಯಿಂದ ಹೊರಚಾಚಿದಂತೆ ಕಾಣುವ ಆನೆಯ ಸೊಂಡಿಲು, ಇವಕ್ಕೂ ಇದೇ ನ್ಯಾಯ. ಒಂದು ಜಾಗದಲ್ಲಿ ಹೆಜ್ಜೆಯ ಗುರುತು ಬರೆದಿರುತ್ತಾರೆ. ಅಲ್ಲಿಂದ ನೋಡಿದರೆ ಮಾತ್ರ ಚಿತ್ರ ಎದ್ದು ನಿಲ್ಲುತ್ತದೆ, ಎರಡು ಹೆಜ್ಜೆ ಸರಿದರೆ ಬರೀ ಬಣ್ಣದ ಗೀಚು. ಫೋಟೋದಲ್ಲಿ ನೋಟ ಇನ್ನೂ ಚೆನ್ನಾಗಿ ಬರುತ್ತದೆ, ಏಕೆಂದರೆ ಕ್ಯಾಮರಾ ಒಕ್ಕಣ್ಣಿನದು. ನಮಗಿರುವ ಎರಡು ಕಣ್ಣು ಒಂದಕ್ಕೊಂದು ತಾಳೆ ನೋಡಿ "ಇದು ಸಪಾಟ ಐತಿ" ಎಂದು ಗುಟ್ಟು ಬಿಟ್ಟುಕೊಡುತ್ತವೆ. ಒಂದು ಕಣ್ಣು ಮುಚ್ಚಿ ನೋಡಿದರೆ ನಮಗೂ ಆ ಮೋಜು ಸಿಗುತ್ತದೆ.

ತಿರುಗಿ ನೋಡುವ ಮುಖದ ಗುಟ್ಟನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಜಾತ್ರೆಯಲ್ಲಿ ಕೊಂಡ ಮುಖವಾಡವನ್ನು ಹಿಂದುಮುಂದಾಗಿ ನಿಲ್ಲಿಸಿ, ಒಳಗಿನ ಹಳ್ಳದ ಬದಿಯನ್ನು ಆರೇಳು ಅಡಿ ದೂರದಿಂದ ಒಂದು ಕಣ್ಣು ಮುಚ್ಚಿ ನೋಡುತ್ತ ಆಚೀಚೆ ನಡೆಯಿರಿ. ಹಳ್ಳವಿದ್ದದ್ದು ಉಬ್ಬಿ ಬಂದು ನಿಮ್ಮ ಕಡೆ ತಿರುಗುತ್ತದೆ. ಮೂಗು ಒಳಕ್ಕಿರುವ ಮುಖವನ್ನು ನಾವು ಎಂದೂ ಕಂಡಿಲ್ಲ, ಅದಕ್ಕೇ ಮನಸ್ಸು ಅದನ್ನು ಒಪ್ಪುವುದಿಲ್ಲ.

ಸೀರೆ ಅಂಗಡಿಯಲ್ಲಿ ಭ್ರಮೆ

ನಮ್ಮ ಹೆಣ್ಣುಮಕ್ಕಳಿಗೆ ದೃಷ್ಟಿಭ್ರಮೆ ಹೊಸತೇನಲ್ಲ. ಅಂಗಡಿಯ ದೀಪದಲ್ಲಿ ಒಪ್ಪಿದ ಸೀರೆ ಮನೆಗೆ ಬಂದೊಡನೆ ಬೇರೆಯದೇ ಬಣ್ಣ! ಕುಪ್ಪಸದ ಖಣ ಬಿಡಿಯಾಗಿ ಸರಿಯಿದೆ, ಸೀರೆಯ ಅಂಚಿನ ಪಕ್ಕ ಇಟ್ಟರೆ ಮಂಕು.

ಫ್ರಾನ್ಸಿನಲ್ಲಿ ಗೊಬೆಲಾನ್ ಎಂಬ ಹೆಸರಾದ ನೇಯ್ಗೆಯ ಕಾರ್ಖಾನೆಯಿತ್ತು. ಅಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥರಾಗಿದ್ದವರು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞರು. ಕಪ್ಪು ನೂಲಿಗೆ ಕಸುವಿಲ್ಲ, ಬಣ್ಣ ಸರಿ ಹಿಡಿದಿಲ್ಲ ಎಂದು ಅವರಲ್ಲಿ ದೂರು ಬಂತು. ಅವರು ಪರೀಕ್ಷಿಸಿದರೆ ಬಣ್ಣದಲ್ಲಿ ಕೊರತೆಯೇ ಇಲ್ಲ. ನೀಲಿ, ನೇರಳೆಗಳ ಪಕ್ಕ ನೇಯ್ದದ್ದರಿಂದ ಕಪ್ಪು ಬಡವಾಗಿ ಕಾಣುತ್ತಿತ್ತು! ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ಹೇಗೆ ಬದಲಿಸಿ ತೋರಿಸುತ್ತದೆ ಎಂಬುದರ ಮೇಲೆ ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಆದ್ದರಿಂದ ಇಲಕಲ್ಲ ಸೀರೆಗೆ ಕುಪ್ಪಸ ಹೊಂದಿಸುವಾಗ ಒಡಲಿನ ಬಣ್ಣಕ್ಕೆ, ಅಂಚಿಗೆ, ಕೆಂಪು ಸೆರಗಿಗೆ ಬೇರೆಬೇರೆಯಾಗಿ ಹಿಡಿದು ನೋಡಿ. ಬಣ್ಣ ಖಾತ್ರಿಯಾಗಬೇಕಾದರೆ ಬಿಳಿ ಕರವಸ್ತ್ರದ ಮೇಲಿಟ್ಟು ನೋಡಿ. ಅಂಗಡಿಯ ಬಾಗಿಲಿಗೆ ತಂದು ಹಗಲ ಬೆಳಕಿನಲ್ಲಿ ನೋಡಿಯೇ ದುಡ್ಡು ಕೊಡಿ. ಅಂಗಡಿಯವರು ಬೇಸರಿಸಿದರೆ ಬೇಸರಿಸಲಿ.

ಅಡಿಗೆಮನೆಯಲ್ಲೂ ಹೀಗೆಯೇ. ಅಷ್ಟೇ ಅನ್ನವನ್ನು ದೊಡ್ಡ ತಾಟಿನಲ್ಲಿ ಬಡಿಸಿದರೆ ಕಡಿಮೆಯಾಗಿ, ಸಣ್ಣ ತಾಟಿನಲ್ಲಿ ಹೆಚ್ಚಾಗಿ ಕಾಣುತ್ತದೆ. "ಇಷ್ಟೊಂದು ಒಲ್ಲೆ" ಎಂದು ಹಟ ಮಾಡುವ ಕೂಸಿಗೆ ಅಗಲ ತಾಟು ಇಟ್ಟು ನೋಡಿ.

ನಮ್ಮ ಹಿರಿಯರೂ ಆಡಿದ ಆಟ

ಧಾರವಾಡ ನೋಡಿ ಮುಗಿಸಿ ಇನ್ನೊಂದೆರಡು ದಿನ ತಿರುಗುವ ಅನುಕೂಲವಿದ್ದರೆ ಬಾದಾಮಿಗೆ ಹೋಗಿ. ಹುಬ್ಬಳ್ಳಿಯಿಂದ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಎಲ್ಲರೂ ನೋಡುತ್ತಾರೆ. ಬಾಗಿಲ ಬಳಿ ದ್ವಾರಪಾಲಕನ ಕೆಳಗಿರುವ ಚಿಕ್ಕ ಶಿಲ್ಪವನ್ನು ಮಾತ್ರ ಹಲವರು ದಾಟಿ ಹೋಗುತ್ತಾರೆ. ಒಂದೇ ತಲೆ, ಎರಡು ಒಡಲು. ಒಂದು ಬದಿಯನ್ನು ಕೈಯಿಂದ ಮರೆಮಾಡಿದರೆ ಆನೆ, ಇನ್ನೊಂದನ್ನು ಮರೆಮಾಡಿದರೆ ಬಸವಣ್ಣ. ಆರನೆಯ ಶತಮಾನದ ಚಾಲುಕ್ಯ ಶಿಲ್ಪಿ ಬಂದವರ ಕಣ್ಣಿಗೆ ಒಡ್ಡಿದ ಒಗಟು ಅದು. ಮಕ್ಕಳಿಗೆ ಮೊದಲೇ ಹೇಳಬೇಡಿ. "ಇಲ್ಲಿ ಯಾವ ಪ್ರಾಣಿ ಐತಿ ಹೇಳು" ಎಂದಷ್ಟೇ ಕೇಳಿ, ಸುಮ್ಮನೆ ನಿಲ್ಲಿ. ಒಬ್ಬ ಆನೆ ಎಂದು, ಇನ್ನೊಬ್ಬಳು ಎತ್ತು ಎಂದು ಜಗಳಾಡಲಿ. ಇಬ್ಬರದೂ ಖರೆ ಎಂದು ತಾವೇ ಕಂಡುಕೊಂಡಾಗ ಆಗುವ ಖುಷಿ ನಾವು ಹೇಳಿಕೊಟ್ಟರೆ ಆಗುವುದಿಲ್ಲ.

ಹಂಪಿಯ ವಿರೂಪಾಕ್ಷ ಗುಡಿಯಲ್ಲಿ ಒಂದು ಸಣ್ಣ ಕಿಂಡಿಯಿಂದ ಬೆಳಕು ಹೊಕ್ಕು, ಎದುರುಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಮೂಡುತ್ತದೆ. ಇದು ಭ್ರಮೆಯಲ್ಲ, ಬೆಳಕಿನ ನಿಯಮ. ಬೆಳಕು ನೆಟ್ಟಗೆ ಹರಿಯುವುದರಿಂದ ಗೋಪುರದ ಮೇಲಿನ ಬೆಳಕು ಕಿಂಡಿ ದಾಟಿ ಕೆಳಕ್ಕೆ ಬೀಳುತ್ತದೆ, ಕೆಳಗಿನದು ಮೇಲಕ್ಕೆ ಬೀಳುತ್ತದೆ. ಸೋಜಿಗದ ಮಾತೆಂದರೆ ನಮ್ಮೆಲ್ಲರ ಕಣ್ಣೊಳಗೂ ಜಗತ್ತು ಹೀಗೆ ತಲೆಕೆಳಗಾಗಿಯೇ ಮೂಡುತ್ತದೆ. ಅದನ್ನು ನೆಟ್ಟಗೆ ಮಾಡಿಕೊಂಡು ತಿಳಿಯುವುದು ಮಿದುಳಿನ ಕೆಲಸ.

ಮಳೆಗಾಲದಲ್ಲಿ ಗೋಕಾಕ ಜಲಪಾತಕ್ಕೆ ಹೋದವರು ಇನ್ನೊಂದು ಆಟ ಆಡಬಹುದು. ಬೀಳುವ ನೀರನ್ನೇ ಒಂದು ನಿಮಿಷ ರೆಪ್ಪೆ ಅಲುಗಿಸದಂತೆ ನೋಡಿ, ಥಟ್ಟನೆ ಪಕ್ಕದ ಬಂಡೆಯ ಕಡೆ ಕಣ್ಣು ಹೊರಳಿಸಿ. ಬಂಡೆ ಮೇಲಕ್ಕೆ ಏರುತ್ತಿರುವಂತೆ ಅನ್ನಿಸುತ್ತದೆ! 1834ರಲ್ಲಿ ಸ್ಕಾಟ್ಲೆಂಡಿನ ಜಲಪಾತವೊಂದರ ಬಳಿ ಆಡಮ್ಸ್ ಎಂಬವರು ಇದನ್ನು ಕಂಡು ಬರೆದಿಟ್ಟರು. ಕೆಳಮುಖದ ಚಲನೆ ನೋಡಿ ನೋಡಿ ಆ ಕೆಲಸದ ನರಗಳು ದಣಿದಾಗ, ಮೇಲ್ಮುಖದ ಚಲನೆ ತಿಳಿಸುವ ನರಗಳ ಕೈ ಮೇಲಾಗುತ್ತದೆ. ಮಕ್ಕಳ ಕೈಯನ್ನು ಗಟ್ಟಿಯಾಗಿ ಹಿಡಿದು, ಕಟಾಂಜನದ ಒಳಗೇ ನಿಂತು ನೋಡಿರಿ.

ಗಿಳಿ ಕಾಣದ ಹುಡುಗಿ

ಈಗ ಆ ಕಾರಣಕ್ಕೆ ಬರುತ್ತೇನೆ.

ಗದಗ ಕಡೆಯ ಓದುಗ ಸೋದರಿಯೊಬ್ಬರು ಕೆಲ ತಿಂಗಳ ಹಿಂದೆ ಪತ್ರ ಬರೆದಿದ್ದರು. ಅವರ ಮನೆಯವರೆಲ್ಲ ಪ್ರವಾಸ ಹೋದಾಗ ಒಂದು ಊರಿನ ಪ್ರದರ್ಶನದಲ್ಲಿ ಎರಡು ಕಿಂಡಿಗಳ ಪೆಟ್ಟಿಗೆ ಇತ್ತಂತೆ. ಎರಡೂ ಕಣ್ಣನ್ನು ಕಿಂಡಿಗಿಟ್ಟು ನೋಡಿದರೆ ಪಂಜರದೊಳಗೆ ಗಿಳಿ ಕೂತಿರುವುದು ಕಾಣುತ್ತದೆ. ನಿಜದಲ್ಲಿ ಅಲ್ಲಿರುವುದು ಎರಡು ಬೇರೆಬೇರೆ ಚಿತ್ರ. ಒಂದು ಕಣ್ಣಿಗೆ ಬರೀ ಪಂಜರ, ಇನ್ನೊಂದಕ್ಕೆ ಬರೀ ಗಿಳಿ. ಎರಡನ್ನೂ ಕೂಡಿಸುವುದು ಮನಸ್ಸು.

ಸಾಲಾಗಿ ಎಲ್ಲರೂ ನೋಡಿದರು, "ಭಾರಿ ಐತಿ" ಎಂದರು. ಐದು ವರ್ಷದ ಮಗಳು ನೋಡಿ, "ಪಂಜರ ಐತಿ. ಗಿಳಿ ಎಲ್ಲೈತಿ?" ಎಂದಳು.

"ಸರಿಯಾಗಿ ನೋಡs, ಎಲ್ಲಾರಿಗೂ ಕಾಣತೈತಿ" ಎಂದರು ಅಪ್ಪ.

"ಕಾಣವಲ್ದು."

ಕಾಕಾ ನಕ್ಕರು. "ಗಿಳಿ ಹಾರಿ ಹೋತು ಬಿಡು" ಎಂದರು. ಅಕ್ಕಪಕ್ಕದವರೂ ನಕ್ಕರು. ಎಲ್ಲರ ಗಮನ ಸೆಳೆಯಲು ಹಾಗೆ ಮಾಡುತ್ತಾಳೆ ಎಂದು ಅಜ್ಜಿ ಅಂದರು. ಕೂಸು ಅಳುಮುಖ ಮಾಡಿತು. ಈ ಸೋದರಿ ಮಾತ್ರ ನಗಲಿಲ್ಲ. ಅವರು ಚೀಲ ಕಾಯದೆ ಒಳಗೆ ಬಂದು ಮಗಳ ಹಿಂದೆಯೇ ನಿಂತಿದ್ದರು. ಮನೆಗೆ ಮರಳಿದ ಮೇಲೆ ಆಟವಾಡಿಸುತ್ತ ಮಗಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದರು. ಮಗಳು ಸುಮ್ಮನೆ ಚಿತ್ರದ ಪುಸ್ತಕ ನೋಡುತ್ತ ಕೂತಳು. ಬಲಗಣ್ಣನ್ನು ಮುಚ್ಚಿದರು. ಮಗಳು ಕೈ ಕಿತ್ತು ಹಾಕಿದಳು, ಮತ್ತೆ ಮುಚ್ಚಿದರೆ ಅತ್ತಳು. ಮರುದಿನವೇ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದರು. ಎಡಗಣ್ಣಿನಲ್ಲಿ ದೃಷ್ಟಿ ಬಹಳ ಕಡಿಮೆ ಇತ್ತು.

ಇದಕ್ಕೆ ವೈದ್ಯರು ಲೇಜಿ ಐ, ಅಂದರೆ ಸೋಮಾರಿ ಕಣ್ಣು ಎನ್ನುತ್ತಾರೆ. ಒಂದು ಕಣ್ಣಿಗೆ ಹೆಚ್ಚು ನಂಬರಿದ್ದರೆ, ಇಲ್ಲವೇ ಕಣ್ಣು ಓರೆಯಾಗಿದ್ದರೆ, ಮಿದುಳು ಆ ಕಣ್ಣು ಕಳಿಸುವ ಮಸುಕು ಚಿತ್ರವನ್ನು ಬದಿಗೊತ್ತಿ ಒಳ್ಳೆಯ ಕಣ್ಣನ್ನೇ ನೆಚ್ಚಿಕೊಳ್ಳುತ್ತದೆ. ಬಳಸದ ಕಣ್ಣು ಹಿಂದೆ ಬೀಳುತ್ತದೆ. ನೂರರಲ್ಲಿ ಒಂದೆರಡು ಮಕ್ಕಳಿಗಾದರೂ ಇದು ಇರುತ್ತದೆ. ಹೊರಗಿನಿಂದ ನೋಡಿದರೆ ಕಣ್ಣು ಚೆಂದವಾಗಿಯೇ ಇರಬಹುದು. ಮಗುವೂ ದೂರುವುದಿಲ್ಲ. ಹುಟ್ಟಿದಾಗಿನಿಂದ ಹಾಗೆಯೇ ಕಂಡ ಕೂಸಿಗೆ, ಉಳಿದವರಿಗೆ ಬೇರೆ ರೀತಿ ಕಾಣುತ್ತದೆ ಎಂದು ತಿಳಿಯುವುದಾದರೂ ಹೇಗೆ?

ಚಿಕಿತ್ಸೆ ಸರಳ. ಬೇಕಾದ ಚಷ್ಮಾ ಕೊಟ್ಟು, ವೈದ್ಯರು ಹೇಳಿದಷ್ಟು ಹೊತ್ತು ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಸೋಮಾರಿ ಕಣ್ಣಿಗೆ ಕೆಲಸ ಕೊಡಿಸುತ್ತಾರೆ. ಆದರೆ ಕಾಲ ಮುಖ್ಯ. ಏಳೆಂಟು ವರ್ಷದೊಳಗೆ ಹಿಡಿದರೆ ಗುಣ ಹೆಚ್ಚು. ಆಮೇಲೆ ಪ್ರಯೋಜನವೇ ಇಲ್ಲವೆಂದಲ್ಲ, ಕಷ್ಟ ಹೆಚ್ಚು. ದೊಡ್ಡವರಾದ ಮೇಲೆ ಚಷ್ಮಾ ಹಾಕಿದರೂ ಆ ಕಣ್ಣು ತಿಳಿಯಾಗದೆ ಉಳಿಯಬಹುದು. "ಹೆಣ್ಣುಕೂಸಿಗೆ ಈಗಲೇ ಚಷ್ಮಾ ಯಾಕ, ನಾಳೆ ವರ ನೋಡಾಕ ಬಂದಾಗ" ಎಂದು ಕಾಲ ತಳ್ಳುವ ಮಾತು ಇನ್ನೂ ಕೇಳಿಬರುತ್ತದೆ. "ಮಾಲಗಣ್ಣು ಅದೃಷ್ಟ" ಎಂಬ ಮಾತೂ ಇದೆ. ಎರಡಕ್ಕೂ ಕಿವಿಗೊಡಬೇಡಿ. ಚಷ್ಮಾಕ್ಕೆ ಅಂಜಿ ಕಣ್ಣು ಕಳೆದುಕೊಳ್ಳುವುದು ಯಾವ ಲೆಕ್ಕ?

ಆ ಕೂಸಿಗೆ ಈಗ ದಿನಾಲೂ ಪಟ್ಟಿ ಹಾಕುತ್ತಾರಂತೆ. ಮೊದಮೊದಲು ಬಹಳ ಅತ್ತಳಂತೆ, ಈಗ ಗೊಂಬೆಯ ಕಣ್ಣಿಗೂ ಒಂದು ಪಟ್ಟಿ ಅಂಟಿಸಿಕೊಂಡು ಆಡುತ್ತಾಳಂತೆ. ಎಡಗಣ್ಣು ಸುಧಾರಿಸುತ್ತಿದೆ ಎಂದು ವೈದ್ಯರು ಹೇಳಿದ್ದಾರೆ.

ಭಾರತದ ಕಥೆಯಲ್ಲಿ ಮಯಸಭೆ ಹೊಕ್ಕ ದುರ್ಯೋಧನ ನೆಲವನ್ನು ನೀರೆಂದು ಬಟ್ಟೆ ಎತ್ತಿಕೊಂಡ, ನೀರನ್ನು ನೆಲವೆಂದು ಕಾಲಿಟ್ಟು ಬಿದ್ದ. ಸುತ್ತಲಿನವರು ನಕ್ಕರು. ಆ ನಗೆಯ ಉರಿ ಎಲ್ಲಿಗೆ ಮುಟ್ಟಿತೆಂಬುದು ನಿಮಗೆ ಗೊತ್ತೇ ಇದೆ. ಬೇರೆ ಕಂಡವರನ್ನು, ಕಾಣದವರನ್ನು ನೋಡಿ ನಗುವುದು ಬೇಡ. "ನಿನಗೇನು ಕಾಣತದ?" ಎಂದು ಒಬ್ಬೊಬ್ಬರನ್ನೂ ಕೇಳಿರಿ. ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಮಗನಿಗೆ ಕಾಣದಿದ್ದರೆ ಬಣ್ಣದ ಗುರುತು ಸ್ವಲ್ಪ ಕಡಿಮೆಯಿರಬಹುದು, ಗಂಡುಮಕ್ಕಳಲ್ಲಿ ಅದು ಹೆಚ್ಚು. ಅತ್ತೆಯವರಿಗೆ ನೆಟ್ಟಗಿನ ಗೆರೆ ಡೊಂಕಾಗಿ ಕಂಡು, ಉಳಿದ ಯಾರಿಗೂ ಹಾಗೆ ಕಾಣದಿದ್ದರೆ ಅವರ ಕಣ್ಣನ್ನೂ ಬೇಗ ತೋರಿಸಬೇಕು. ಮನೆಯಲ್ಲಿ ಇಷ್ಟೆಲ್ಲ ಗಮನಿಸುವವರು ಯಾರು? ನೀವೇ. ಅದಕ್ಕೇ ಹೇಳಿದ್ದು, ಹೊರಗೆ ಚೀಲ ಕಾಯಬೇಡಿ ಎಂದು.

ಮನೆಯಲ್ಲೇ ಎರಡು ಆಟ

ಪ್ರವಾಸಕ್ಕೆ ಹೋಗಲಾಗದವರು ಮಕ್ಕಳನ್ನು ಕೂಡಿಸಿಕೊಂಡು ಮನೆಯಲ್ಲೇ ಆಡಬಹುದು.

ಅಂಗೈಯಲ್ಲಿ ತೂತು: ಒಂದು ಹಾಳೆಯನ್ನು ಕೊಳವೆಯಂತೆ ಸುತ್ತಿ ಬಲಗಣ್ಣಿಗೆ ಹಿಡಿಯಿರಿ. ಎಡಗೈಯನ್ನು ಬಿಡಿಸಿ, ಅಂಗೈ ನಿಮ್ಮ ಕಡೆ ಇರುವಂತೆ ಕೊಳವೆಯ ನಡುಭಾಗಕ್ಕೆ ತಾಗಿಸಿ ಇಡಿ. ಎರಡೂ ಕಣ್ಣು ತೆರೆದು ದೂರ ನೋಡಿ. ಅಂಗೈಯಲ್ಲಿ ದುಂಡನೆಯ ತೂತು ಕಾಣುತ್ತದೆ! ಇದಕ್ಕೆ ಎರಡೂ ಕಣ್ಣು ಕೂಡಿ ಕೆಲಸ ಮಾಡಬೇಕು. ಮತ್ತೆ ಮತ್ತೆ ನೋಡಿದರೂ ತೂತು ಕಾಣದ ಮಗುವಿಗೆ ರೋಗವೇ ಇದೆಯೆಂದು ಗಾಬರಿಯಾಗಬೇಡಿ, ಹಿಡಿಯುವ ರೀತಿ ತಪ್ಪಿರಬಹುದು. ಆದರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಅನುಮಾನ ಬಂದರೆ ವೈದ್ಯರಿಗೆ ತೋರಿಸಿ. ಅನುಮಾನವಿಲ್ಲದಿದ್ದರೂ ಶಾಲೆಗೆ ಹಾಕುವ ಮುನ್ನ ಒಮ್ಮೆ ಕಣ್ಣು ಪರೀಕ್ಷೆ ಮಾಡಿಸುವುದು ಒಳ್ಳೆಯದು.

ದೊಡ್ಡ ಡಬ್ಬಿ, ಸಣ್ಣ ಡಬ್ಬಿ: ಒಂದು ದೊಡ್ಡ ಡಬ್ಬಿ, ಒಂದು ಸಣ್ಣ ಡಬ್ಬಿ ತೆಗೆದುಕೊಂಡು, ಅಕ್ಕಿ ಹಾಕಿ ತಕ್ಕಡಿಯಲ್ಲಿ ಎರಡನ್ನೂ ಸರಿತೂಕ ಮಾಡಿ. ಮುಚ್ಚಳ ಹಾಕಿ ಒಂದೊಂದಾಗಿ ಎತ್ತಲು ಹೇಳಿ. ಎಲ್ಲರೂ ಸಣ್ಣದೇ ಭಾರ ಎನ್ನುತ್ತಾರೆ. ಮನಸ್ಸು ದೊಡ್ಡದಕ್ಕೆ ಹೆಚ್ಚು ಭಾರ ನಿರೀಕ್ಷಿಸಿ ಸಜ್ಜಾಗಿರುತ್ತದೆ, ಅದು ಹಗುರೆನಿಸಿಬಿಡುತ್ತದೆ. ತಕ್ಕಡಿ ತೋರಿಸಿದ ಮೇಲೂ ಕೈಗೆ ಹಾಗೆಯೇ ಅನ್ನಿಸುತ್ತದೆ. ನಿಮ್ಮ ಯಜಮಾನರಿಗೂ ಒಮ್ಮೆ ಎತ್ತಲು ಕೊಡಿ.

ಹೊರಡುವ ಮುನ್ನ

ಕೇಂದ್ರಕ್ಕೆ ಮೊದಲು ಫೋನು ಮಾಡಿ, ತೆರೆಯುವ ಹೊತ್ತು, ವಾರದ ರಜೆ, ಟಿಕೀಟಿನ ದರ ಕೇಳಿಕೊಳ್ಳಿ. ಮಕ್ಕಳ ಚಷ್ಮಾ ಮರೆಯಬೇಡಿ, ಚಷ್ಮಾವಿಲ್ಲದೆ ಅರ್ಧ ಆಟ ಕಾಣುವುದಿಲ್ಲ. ಹೊಟ್ಟೆ ತುಂಬ ಉಂಡೊಡನೆ ಒಳಗೆ ಹೋಗಬೇಡಿ. ತಿರುಗುವ ಸುರಂಗದಂಥ ಕೋಣೆಗಳಲ್ಲಿ ತಲೆಸುತ್ತು ಬರುತ್ತದೆ. ಬಸುರಿಯರು, ವಯಸ್ಸಾದವರು, ತಲೆಸುತ್ತಿನ ತೊಂದರೆಯಿರುವವರು ಅದನ್ನು ಬಿಡುವುದೇ ವಾಸಿ. ಸುತ್ತಿದಂತಾದರೆ ಕಣ್ಣು ಮುಚ್ಚಿ ಕಟಾಂಜನ ಹಿಡಿದು ನಿಲ್ಲಿ, ನಿಂತುಹೋಗುತ್ತದೆ. ಮಿಂಚಿ ಮಿಂಚಿ ಆರುವ ದೀಪಗಳಿರುವಲ್ಲಿಗೆ ಮೂರ್ಛೆರೋಗದ ಮಕ್ಕಳನ್ನು ಕರೆದೊಯ್ಯಬೇಡಿ.

ಬುತ್ತಿಗೆ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ, ಗುರ್ರೆಳ್ಳು ಚಟ್ನಿಪುಡಿ ಸಾಕು. ಮೊಸರು ಬುತ್ತಿಯನ್ನು ಮುಂಜಾನೆ ಹಾಲು ಹೆಚ್ಚು, ಮೊಸರು ಕಡಿಮೆ ಹಾಕಿ ಕಲಸಿದರೆ ಮಧ್ಯಾಹ್ನಕ್ಕೆ ಹುಳಿಯಾಗುವುದಿಲ್ಲ. ನೋಡಿ ಬಂದು ಗಿಡದ ನೆರಳಲ್ಲಿ ಉಣ್ಣುವಾಗ, ಯಾರಿಗೆ ಯಾವ ಆಟ ಹೇಗೆ ಕಂಡಿತು ಎಂದು ಸುತ್ತು ಹಾಕಿ ಕೇಳಿರಿ. ಮರಳುವಾಗ ಪೇಢೆಯ ಪೊಟ್ಟಣ ನೆನಪಿರಲಿ, ಮನೆಯಲ್ಲುಳಿದವರು ದಾರಿ ಕಾಯುತ್ತಿರುತ್ತಾರೆ.

ಇನ್ನೊಂದು ಮಾತು. ಎಲ್ಲರ ಫೋಟೋ ತೆಗೆಯುವ ಕೆಲಸ ನಿಮ್ಮ ಪಾಲಿಗೇ ಬಂದು, ಇಡೀ ಪ್ರವಾಸದ ಫೋಟೋಗಳಲ್ಲಿ ನೀವೊಬ್ಬರೇ ಕಾಣದಂತಾಗುವುದು ಎಷ್ಟು ಮನೆಗಳಲ್ಲಿಲ್ಲ? ಆ ಓರೆಕೋಣೆಯ ಬಳಿ ಬಂದಾಗ ಮೊಬೈಲನ್ನು ಮಗನ ಕೈಗೆ ಕೊಟ್ಟು, ನೀವು ಎತ್ತರ ಕಾಣುವ ಮೂಲೆಯಲ್ಲಿ ಹೋಗಿ ನಿಲ್ಲಿ.

ನಿಮ್ಮ ಮನೆಯಲ್ಲಿ ಅಂಗೈಯ ತೂತು ಯಾರಿಗೆ ಕಂಡಿತು, ಯಾರಿಗೆ ಕಾಣಲಿಲ್ಲ ಎಂಬುದನ್ನು ಪತ್ರ ಬರೆದು ತಿಳಿಸಿ. ಮತ್ತೆ ಹದಿನೈದು ದಿನಕ್ಕೆ ಭೇಟಿಯಾಗೋಣ.